ಕಾಲು ನೋಡಿ ಹೆಸರು ಹೇಳಿ

ಮಾಗಿಯ ದಿನಗಳಲ್ಲಿ ಕೆರೆಯ ನೀರು ಇಳಿದು ಕೆಸರಿನ ಅಂಚು ತೆರೆದುಕೊಂಡಾಗ, ಗುಬ್ಬಿಯ ಗಾತ್ರದ ಬೂದು ಹಕ್ಕಿಗಳು ಅಲ್ಲಿ ಓಡಾಡುವುದನ್ನು ವಾಚಕರು ಕಂಡಿರಬಹುದು. ಮೊದಲ ನೋಟಕ್ಕೆ ಎಲ್ಲವೂ ಒಂದೇ. ಪುಸ್ತಕ ತೆರೆದು ಬಣ್ಣವನ್ನು ಹೋಲಿಸಹೊರಟವರು ಬೇಗನೆ ಬೇಸರಗೊಳ್ಳುತ್ತಾರೆ. ಇವುಗಳಲ್ಲಿ ಹೆಚ್ಚಿನವು ತಮ್ಮ ಅಂದದ ಉಡುಪನ್ನು ಉತ್ತರದ ಶೀತಪ್ರದೇಶದಲ್ಲಿ ಗೂಡು ಕಟ್ಟುವ ಕಾಲಕ್ಕೇ ಮೀಸಲಿಟ್ಟು, ನಮ್ಮಲ್ಲಿಗೆ ಮಾಸಲು ಬಟ್ಟೆಯಲ್ಲಿ ಬರುತ್ತವೆ.

ಆದಕಾರಣ ಮೊದಲು ನಡಿಗೆಯನ್ನು ನೋಡಬೇಕು. ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ಒಮ್ಮೆ ಕುಕ್ಕಿ ಮತ್ತೆ ಓಡುವುದು ಪ್ಲೋವರ್ ಕುಲದ ರೀತಿ. ಕಣ್ಣೇ ಅದರ ಬೇಟೆಯ ಸಾಧನ. ಕಣ್ಣಿನ ಸುತ್ತ ಹಳದಿ ಬಳೆ, ಕೊರಳಿಗೆ ಗಾಢವಾದ ಪಟ್ಟಿ ಇದ್ದರೆ ಅದು ಲಿಟಲ್ ರಿಂಗ್ಡ್ ಪ್ಲೋವರ್. ಹಿಂಭಾಗವನ್ನು ಎಡೆಬಿಡದೆ ಮೇಲೆ ಕೆಳಗೆ ಕುಣಿಸುತ್ತ, ಎದೆಯ ಬಿಳುಪನ್ನು ಹೆಗಲ ಮುಂದಕ್ಕೆ ಚಾಚಿಕೊಂಡಿರುವುದು ಗದ್ದೆಗೊರವ. ತಲೆ ತಗ್ಗಿಸಿ, ಹೊಲಿಗೆ ಯಂತ್ರದಂತೆ ಕೆಸರನ್ನು ಕುಟ್ಟುತ್ತ ಸಾಗುವುದು ಸ್ಟಿಂಟ್.

ನಿಜವಾದ ತೊಡಕು ಇರುವುದು ಸ್ಟಿಂಟುಗಳಲ್ಲಿ. ಲಿಟಲ್ ಸ್ಟಿಂಟ್, ಟೆಮಿಂಕ್ ಸ್ಟಿಂಟ್ ಎಂಬ ಇಬ್ಬರು ದಾಯಾದಿಗಳು ಒಂದೇ ಕೆರೆಯಲ್ಲಿ ಮೇಯುವುದುಂಟು. ಮೊದಲನೆಯದರ ಕಾಲು ಕಪ್ಪು, ಎರಡನೆಯದರದು ಹಸಿರು ಬೆರೆತ ಹಳದಿ. ಆದರೆ ಕೆಸರು ಮೆತ್ತಿದ ಮೇಲೆ ಯಾರ ಕಾಲಾದರೂ ಕಪ್ಪೇ! ಆಗ ಎದೆಯನ್ನು ನೋಡಿ: ಲಿಟಲ್ ಸ್ಟಿಂಟಿನದು ಬಹುಮಟ್ಟಿಗೆ ಬಿಳುಪು, ಟೆಮಿಂಕಿನದು ಬೂದಿ ಬಳಿದಂತೆ. ಸ್ವಭಾವವೂ ಬೇರೆ. ಮೊದಲನೆಯದು ಬಯಲ ಕೆಸರಿನಲ್ಲಿ ಗುಂಪುಗೂಡಿ ಗಡಿಬಿಡಿಯಿಂದ ಮೇಯುತ್ತದೆ. ಎರಡನೆಯದು ಹುಲ್ಲಿನ ಮರೆಯಲ್ಲಿ ಮೊಣಕಾಲು ಬಗ್ಗಿಸಿ ಮೆಲ್ಲಗೆ ನಡೆಯುತ್ತದೆ. ಬೆದರಿದರೆ ಗಿಲಕಿಯಂತೆ ಸದ್ದು ಮಾಡುತ್ತ, ಬಾಲದಂಚಿನ ಬಿಳಿಗರಿ ತೋರಿಸಿ ಎತ್ತರಕ್ಕೇರುತ್ತದೆ. ಹೆಸರು ತಿಳಿಯಲೆಂದೇ ಅದನ್ನು ಎಬ್ಬಿಸುವುದು ಮಾತ್ರ ನನಗೆ ಸರಿಕಾಣದು. ಸಾವಿರಾರು ಮೈಲಿ ಹಾರಿ ಬಂದಿರುವುದು ಮೇಯುವುದಕ್ಕಾಗಿ.

ಇಷ್ಟೊಂದು ಸೂಕ್ಷ್ಮವೇಕೆಂದು ಮನೆಯವರು ಕೇಳಿಯಾರು. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯದ ನೀರುಹಕ್ಕಿಗಳ ಗಣತಿಗೆ ಹವ್ಯಾಸಿಗಳ ಪಟ್ಟಿಗಳೇ ದೊಡ್ಡ ಆಧಾರ. ಸ್ಟಿಂಟುಗಳ ನಡುವೆ ತುಸು ದೊಡ್ಡದಾಗಿ, ಕೆಳಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಸ್ಯಾಂಡ್‌ಪೈಪರ್ ಬೆರೆತಿರಬಹುದು. 2024ರಲ್ಲಿ ಅದು ಅಳಿವಿನ ಭಯವುಳ್ಳ ಜಾತಿಗಳ ಸಾಲಿಗೆ ಸೇರಿತು. ಅದನ್ನೂ ಸ್ಟಿಂಟೆಂದೇ ಬರೆದುಕೊಳ್ಳುತ್ತ ಬಂದರೆ, ಅದು ಕಡಿಮೆಯಾದ ಸಂಗತಿಯೇ ಯಾರಿಗೂ ತಿಳಿಯದು. ಗುರುತು ಸಿಗದಾಗ ‘ಸ್ಟಿಂಟ್, ಜಾತಿ ತಿಳಿಯಲಿಲ್ಲ’ ಎಂದು ಬರೆಯುವುದರಲ್ಲಿ ಅವಮಾನವಿಲ್ಲ. ಊಹೆಯ ಹೆಸರಿಗಿಂತ ಆ ಸಾಲಿಗೇ ಬೆಲೆ ಹೆಚ್ಚು. ಅಂದಕ್ಕೆಂದು ದಡಕ್ಕೆ ಕಲ್ಲು ಕಟ್ಟಿ, ವರ್ಷವಿಡೀ ನೀರು ತುಂಬಿಸಿಟ್ಟ ಕೆರೆಯಲ್ಲಿ ಇವುಗಳನ್ನು ಹುಡುಕಿ ಫಲವಿಲ್ಲ. ಅಲ್ಲಿ ಕೆಸರೇ ಇಲ್ಲ.

ನೋಡಹೋಗುವವರು ಬೆಳಗಿನ ಬಿಸಿಲನ್ನು ಬೆನ್ನಿಗಿಟ್ಟುಕೊಂಡು ಕುಳಿತರೆ ಒಳ್ಳೆಯದು. ಏಪ್ರಿಲ್ ವೇಳೆಗೆ ಲಿಟಲ್ ಸ್ಟಿಂಟಿನ ಬೆನ್ನಿಗೆ ಕೆಂಗಂದು ಬಣ್ಣ ಏರಿ, ಗುರುತಿಸುವುದು ಸುಲಭವಾಗುತ್ತದೆ. ಅಷ್ಟರಲ್ಲಿ ಅದು ಹೊರಡುವ ಸಿದ್ಧತೆಯಲ್ಲಿರುತ್ತದೆ.