ಸಾಕುಪ್ರಾಣಿಯೂ ಬಾಡಿಗೆಯ ಮನೆಯೂ

ಶಾಲೆಗಳಿಗೆ ಬೇಸಗೆಯ ರಜೆ ಬಂದಿತೆಂದರೆ ಬೆಂಗಳೂರಿನಲ್ಲಿ ಬಿಡಾರಗಳು ಬದಲಾಗುವ ಕಾಲವೂ ಬಂದಿತೆಂದು ತಿಳಿಯಬೇಕು. ಸಾಮಾನು ತುಂಬಿದ ಟೆಂಪೊಗಳು ಬೀದಿಬೀದಿಗಳಲ್ಲಿ ನಿಲ್ಲುತ್ತವೆ. ಖಾಲಿಯಾದ ಮನೆಯೊಳಗೆ ಯಜಮಾನರೂ ಬಾಡಿಗೆದಾರರೂ ಕೋಣೆಯಿಂದ ಕೋಣೆಗೆ ನಡೆಯುತ್ತ, ಮುಂಗಡದ ಹಣದಲ್ಲಿ ಎಷ್ಟು ಹಿಂದಕ್ಕೆ ಬರತಕ್ಕದ್ದೆಂಬ ವಿಷಯದಲ್ಲಿ ವಾದಿಸುತ್ತಾರೆ. ಈ ವಾದದಲ್ಲಿ ಈಚೆಗೆ ಮೂರನೆಯದೊಂದು ಪಕ್ಷವೂ ಸೇರಿಕೊಂಡಿದೆ. ಅದಕ್ಕೆ ಮಾತು ಬಾರದು. ಅದು ಸರಪಣಿಯ ತುದಿಯಲ್ಲಿ ಬಾಲವನ್ನಲ್ಲಾಡಿಸುತ್ತ ನಿಂತಿರುತ್ತದೆ, ಇಲ್ಲವೆ ಬುಟ್ಟಿಯೊಳಗಿನಿಂದ ಕೂಗುತ್ತಿರುತ್ತದೆ. ಜಗಳಕ್ಕೆ ಕಾರಣವು ತಾನೇ ಎಂಬುದು ಅದಕ್ಕೆ ಗೊತ್ತಿಲ್ಲ.

ಬಾಡಿಗೆಯ ಮನೆಯಲ್ಲಿ ನಾಯಿಯೋ ಬೆಕ್ಕೋ ಮಾಡಿದ ನಷ್ಟವನ್ನು ಯಾರು, ಎಷ್ಟರಮಟ್ಟಿಗೆ ತೆರತಕ್ಕದ್ದು? ಇದು ಅಲ್ಪವಿಷಯವೆಂದು ನಗುವವರುಂಟು. ಆದರೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಹಳೆಯ ವಾಡಿಕೆಯುಳ್ಳ ಈ ಊರಿನಲ್ಲಿ, ತಿಂಗಳಿಗೆ 20,000 ರೂಪಾಯಿ ಬಾಡಿಗೆ ಕೊಡುವ ಸಂಸಾರಸ್ಥನ 2,00,000 ರೂಪಾಯಿ ಯಜಮಾನರ ಕೈಯಲ್ಲಿರುತ್ತದೆ. ಎಷ್ಟೋ ಮಂದಿಗೆ ಅದಕ್ಕಿಂತ ಹೆಚ್ಚಿನ ಉಳಿತಾಯವೇ ಇರುವುದಿಲ್ಲ. ಇತ್ತ ಯಜಮಾನರೆಲ್ಲರೂ ಧನಿಕರೆಂದು ಭಾವಿಸುವುದೂ ತಪ್ಪು. ನಿವೃತ್ತಿಯ ಹಣವನ್ನೆಲ್ಲ ಸುರಿದು ಮನೆಯ ಮೇಲೊಂದು ಅಂತಸ್ತು ಕಟ್ಟಿಸಿ, ಅದರ ಬಾಡಿಗೆಯಿಂದಲೇ ಔಷಧಿಯ ಖರ್ಚನ್ನು ನಡೆಸುವ ವೃದ್ಧರನ್ನು ನಾವು ಕಾಣದವರಲ್ಲ. ಅಂಥವರ ಬಾಗಿಲೊಂದು ಕೆಟ್ಟರೆ ಅದೂ ಸಣ್ಣ ನಷ್ಟವಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರಾಣಿಯನ್ನು ಸಾಕಿದವನೇ ಆ ಪ್ರಾಣಿಯಿಂದಾದ ನಷ್ಟಕ್ಕೆ ಹೊಣೆ. ‘ಮೂಕಪ್ರಾಣಿ, ಅದಕ್ಕೇನು ತಿಳಿದೀತು?’ ಎಂಬ ಸಮಾಧಾನವು ಪ್ರಾಣಿಗೆ ಸಲ್ಲತಕ್ಕದ್ದೇ ಹೊರತು ಅದನ್ನು ಸಾಕಿದವರಿಗೆ ಸಲ್ಲದು. ಅದಕ್ಕೆ ತಿಳಿಯದೆಂಬ ಕಾರಣದಿಂದಲೇ ಅಲ್ಲವೆ ತಿಳಿದವರೊಬ್ಬರು ಅದರ ಮೇಲೆ ಕಣ್ಣಿಡಬೇಕಾದದ್ದು? 1882ನೆಯ ಇಸವಿಯ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಪ್ರಕರಣವು ಈ ವಿಷಯದಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ಮಾತನಾಡುತ್ತದೆ. ಬೇರೆ ಕರಾರಾಗಲಿ ಸ್ಥಳದ ರೂಢಿಯಾಗಲಿ ಇಲ್ಲದಿದ್ದಲ್ಲಿ, ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸತಕ್ಕದ್ದು; ಸಹಜವಾದ ಬಳಕೆಯಿಂದಾದ ಸವಕಳಿಗೂ ತಡೆಯಲಾಗದ ಶಕ್ತಿಯಿಂದಾದ ಹಾನಿಗೂ ಮಾತ್ರ ವಿನಾಯಿತಿ. ಅಷ್ಟೇ ಅಲ್ಲ, ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ಸ್ವತ್ತನ್ನು ಬಳಸುವಂತೆ ಅವನು ಆ ಮನೆಯನ್ನು ಬಳಸಬೇಕು. ಬಾಡಿಗೆದಾರನ ಆಳುಗಳ ತಪ್ಪಿಗೂ ಅವನೇ ಹೊಣೆಯೆಂದು ಆ ಕಾಯಿದೆಯಲ್ಲಿದೆ. ನಾಯಿಯ ಹೆಸರು ಅದರಲ್ಲಿಲ್ಲ ನಿಜ. ಆದರೆ ಆಳಿನ ತಪ್ಪಿಗೆ ಹೊಣೆಯಾದವನು ನಾಯಿಯ ತಪ್ಪಿಗೆ ಹೊಣೆಯಲ್ಲವೆಂದು ವಾದಿಸುವ ವಕೀಲರು ನಮ್ಮ ಊರಿನಲ್ಲಿ ಇದ್ದರೂ ಇರಬಹುದು, ಗೆಲ್ಲುವವರು ಇರಲಾರರು.

ಪ್ರಾಣಿಗಳನ್ನು ಸಾಕದೆ ಇರುವವರಿಗೆ ಈ ನಷ್ಟವು ಎಂತಹುದೆಂಬುದು ಚೆನ್ನಾಗಿ ತಿಳಿದಿರುವುದಿಲ್ಲ. ನಾಯಿಯ ಮರಿಗೆ ಮೂರರಿಂದ ಆರು ತಿಂಗಳೊಳಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಹುಟ್ಟುತ್ತದೆ. ಆ ಕಾಲದಲ್ಲಿ ಒಸಡಿನ ನವೆಗೆ ಸಿಕ್ಕಿದ್ದನ್ನೆಲ್ಲ ಕಡಿಯುವುದು ಅದರ ಸ್ವಭಾವ. ಹೊಸ್ತಿಲು, ಬಾಗಿಲ ಚೌಕಟ್ಟಿನ ಬುಡ, ಗೋಡೆಯಲ್ಲಿ ಕೂಡಿಸಿದ ಕಪಾಟಿನ ಅಂಚು ಇವೆಲ್ಲವೂ ಅದರ ಪಾಲಿಗೆ ಒಂದೇ. ಬೆಳೆದ ನಾಯಿಯು ಒಂಟಿಯಾಗಿ ದಿನವೆಲ್ಲ ಮನೆಯೊಳಗೆ ಕೂಡಿಹಾಕಲ್ಪಟ್ಟರೆ, ಯಜಮಾನನು ಹೊರಟುಹೋದ ಬಾಗಿಲನ್ನೇ ಕೆರೆಯುತ್ತದೆ. ಗಂಡಹೆಂಡಿರಿಬ್ಬರೂ ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವ ಮನೆಗಳಲ್ಲಿ ಬಾಗಿಲ ಒಳಮೈಯನ್ನು ನೋಡಿದರೆ ಆ ಪ್ರಾಣಿಯ ಹನ್ನೆರಡು ಗಂಟೆಗಳು ಹೇಗೆ ಕಳೆದುವೆಂಬುದು ತಿಳಿಯುತ್ತದೆ. ಬೆಕ್ಕಾದರೆ ಕಿಟಕಿಯ ಸೊಳ್ಳೆ ಜಾಲರಿಯನ್ನು ಬಿಡುವುದಿಲ್ಲ. ಇವೆಲ್ಲಕ್ಕಿಂತ ಕಷ್ಟವಾದದ್ದು ಮೂತ್ರ. ಅಮೃತಶಿಲೆಯು ಸುಣ್ಣದ ಅಂಶವುಳ್ಳ ಕಲ್ಲು. ಹುಳಿಯಾದದ್ದು ತಗುಲಿದರೆ ಅದರ ಹೊಳಪು ಸತ್ತುಹೋಗುತ್ತದೆ. ಹಳೆಯ ಬಡಾವಣೆಗಳ ಕೆಂಪು ಗಾರೆ ನೆಲದಲ್ಲಿ ಬಿರುಕಿದ್ದರಂತೂ ತೇವವು ಒಳಗಿಳಿದು, ಎಷ್ಟು ತೊಳೆದರೂ ಮಳೆಗಾಲ ಬಂದಾಗ ವಾಸನೆಯು ಮತ್ತೆ ಏಳುತ್ತದೆ. ಹೊಸದಾಗಿ ಬಂದ ಸಂಸಾರವು ಆ ಕೋಣೆಯನ್ನು ದೇವರಮನೆಯಾಗಿ ಮಾಡಿಕೊಳ್ಳಬೇಕೆಂದಿದ್ದರೆ ಅವರ ಗತಿಯೇನು?

ಇದನ್ನೆಲ್ಲ ತಪ್ಪಿಸುವುದು ಬಹುಮಟ್ಟಿಗೆ ಸಾಧ್ಯ. ಮರಿಗೆ ಕಡಿಯಲು ಯೋಗ್ಯವಾದ ವಸ್ತುವನ್ನು ಕೊಡುವುದು, ಹೊತ್ತಿಗೆ ಸರಿಯಾಗಿ ಹೊರಗೆ ತಿರುಗಾಡಿಸುವುದು, ಉಗುರನ್ನು ಕತ್ತರಿಸುವುದು, ನೆಲದ ಮೇಲೆ ಬಿದ್ದುದನ್ನು ಒಡನೆ ಒರೆಸುವುದು ಇವು ಹಣದ ಕೆಲಸಗಳಲ್ಲ, ಗಮನದ ಕೆಲಸಗಳು. ಗಮನ ಕೊಡಲು ಪುರಸೊತ್ತಿಲ್ಲದವರು ದುಬಾರಿ ಜಾತಿಯ ನಾಯಿಯನ್ನು ಪ್ರತಿಷ್ಠೆಗಾಗಿ ಕೊಂಡು ತಂದು, ನಷ್ಟವಾದಾಗ ಯಜಮಾನರನ್ನು ಪ್ರಾಣಿದ್ವೇಷಿಗಳೆಂದು ನಿಂದಿಸುವುದು ನಮಗೆ ಸರಿದೋರದು.

ಹೊಣೆಯು ಬಾಡಿಗೆದಾರನದೆಂದು ಒಪ್ಪಿದ ಮಾತ್ರಕ್ಕೆ ವ್ಯವಹಾರವು ಮುಗಿಯುವುದಿಲ್ಲ. ಎಷ್ಟರಮಟ್ಟಿಗೆ ಹೊಣೆ ಎಂಬುದೇ ನಿಜವಾದ ಪ್ರಶ್ನೆ. ಇಲ್ಲಿ ತಪ್ಪುವವರು ಬಾಡಿಗೆದಾರರಲ್ಲ, ಯಜಮಾನರು. ನಾವೂ ತಪ್ಪಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮೇಲಿನ ಭಾಗದಲ್ಲಿ ಒಂದು ಚಿಕ್ಕ ಸಂಸಾರವು ನಾಯಿಯೊಂದರೊಡನೆ ಬಿಡಾರ ಮಾಡಿತ್ತು. ಅವರು ಮನೆ ಬಿಟ್ಟ ದಿನ ನೋಡಿದರೆ ಮಲಗುವ ಕೋಣೆಯ ತೇಗದ ಬಾಗಿಲು ಅರ್ಧ ಎತ್ತರದವರೆಗೆ ಗೀರುಗೀರಾಗಿತ್ತು. ನಮಗೆ ಬಂದ ಕೋಪವು ಸಹಜವೇ. ಬಾಗಿಲನ್ನು ಸರಿಪಡಿಸುವ ಖರ್ಚಿನೊಂದಿಗೆ ಇಡೀ ಮಹಡಿಗೆ ಬಣ್ಣ ಬಳಿಸುವ ಖರ್ಚನ್ನೂ ಲೆಕ್ಕ ಹಾಕಿ ಮುಂಗಡದಲ್ಲಿ ಮುರಿದುಕೊಂಡೆವು. ಆ ಹುಡುಗನು ಒಂದು ಮಾತನ್ನೂ ಎದುರಾಡದೆ ‘ಆಗಲಿ ಸಾರ್’ ಎಂದು ಹೊರಟುಹೋದನು. ಅಂದು ಸಂಜೆ ನಮ್ಮ ಮನೆಯವರು ಕೇಳಿದ ಪ್ರಶ್ನೆ ಒಂದೇ: ‘ಗೋಡೆಗೆ ಬಣ್ಣ ಹೊಡೆಸಿ ಆರು ವರ್ಷವಾಯಿತಲ್ಲ, ಆ ಬಣ್ಣವನ್ನೂ ನಾಯಿಯೇ ತಿಂದಿತೇನು?’ ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೂ ಬಣ್ಣದ ಹಣವನ್ನು ಹಿಂದಕ್ಕೆ ಕಳುಹಿಸಲು ನಮಗೆ ನಾಲ್ಕು ತಿಂಗಳು ಹಿಡಿಯಿತೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ಬೆಂಗಳೂರಿನಲ್ಲಿ ಬಿಡುವ ಬಾಡಿಗೆದಾರನಿಂದ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಹಿಡಿಯುವುದು ಹೆಚ್ಚುಕಡಿಮೆ ಶಾಸ್ತ್ರವಾಗಿಬಿಟ್ಟಿದೆ. ಹನ್ನೊಂದು ತಿಂಗಳಿದ್ದವನಿಗೂ ಅದೇ, ಐದು ವರ್ಷವಿದ್ದವನಿಗೂ ಅದೇ. ಸ್ಥಳದ ರೂಢಿಯನ್ನು ಕಾಯಿದೆಯೇ ಮನ್ನಿಸಿದೆಯಲ್ಲವೆ ಎಂದು ಯಜಮಾನರು ಕೇಳಬಹುದು. ಕರಾರಿನಲ್ಲಿ ಬರೆದು ಒಪ್ಪಿದ್ದರೆ ಆ ಮಾತು ಬೇರೆ. ಆದರೆ ಬಣ್ಣಕ್ಕೆಂದು ಒಮ್ಮೆ ಹಿಡಿದ ಮೇಲೆ, ನಾಯಿ ಇತ್ತೆಂದು ಅದೇ ಗೋಡೆಗೆ ಎರಡನೆಯ ಬಾರಿ ಹಿಡಿಯುವುದನ್ನು ಯಾವ ರೂಢಿಯೂ ಸಮರ್ಥಿಸಲಾರದು. 2021ರ ಜೂನಿನಲ್ಲಿ ಕೇಂದ್ರ ಮಂತ್ರಿಮಂಡಲವು ಅಂಗೀಕರಿಸಿದ ಮಾದರಿ ಬಾಡಿಗೆ ಕಾಯಿದೆಯು ಗೋಡೆಗೆ ಸುಣ್ಣ ಹೊಡೆಸುವುದನ್ನೂ ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಸುವುದನ್ನೂ ಯಜಮಾನನ ಕರ್ತವ್ಯವೆಂದೇ ತನ್ನ ಅನುಸೂಚಿಯಲ್ಲಿ ಬರೆದಿದೆ. ಬೀಗ, ಗುಬ್ಬಿ, ಕಿಟಕಿಯ ಗಾಜು, ಸೊಳ್ಳೆ ಜಾಲರಿ ಇವುಗಳನ್ನು ಬದಲಾಯಿಸುವುದು ಬಾಡಿಗೆದಾರನ ಪಾಲಿಗೆ ಬಂದಿದೆ. ವಾಸದ ಮನೆಗೆ ಮುಂಗಡವು ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದೂ ಅದರಲ್ಲಿದೆ. ಇದು ಮಾದರಿ ಮಾತ್ರ. ರಾಜ್ಯಗಳು ತಾವಾಗಿ ಅಂಗೀಕರಿಸಿದ ಹೊರತು ಯಾರನ್ನೂ ಬಂಧಿಸದು. ಆದರೂ ನ್ಯಾಯವಾದ ಹಂಚಿಕೆ ಯಾವುದೆಂಬುದಕ್ಕೆ ಅದು ಸಾಕಾದ ಸೂಚನೆ.

ನಷ್ಟವನ್ನು ತುಂಬುವುದು ಬೇರೆ, ಹಳೆಯದಕ್ಕೆ ಹೊಸದನ್ನು ಪಡೆಯುವುದು ಬೇರೆ. ಹತ್ತು ವರ್ಷ ಬಾಳುವ ಕಪಾಟಿನ ಬಾಗಿಲೊಂದನ್ನು ಎಂಟನೆಯ ವರ್ಷದಲ್ಲಿ ನಾಯಿ ಕಡಿಯಿತೆಂದಿಟ್ಟುಕೊಳ್ಳೋಣ. ಹೊಸದಕ್ಕೆ 5,000 ರೂಪಾಯಿಯಾದರೆ ಯಜಮಾನನು ನಿಜವಾಗಿ ಕಳೆದುಕೊಂಡದ್ದು ಉಳಿದ ಎರಡು ವರ್ಷಗಳ ಬೆಲೆಯಾದ 1,000 ರೂಪಾಯಿ. ಮಿಕ್ಕ 4,000 ರೂಪಾಯಿಯನ್ನು ಅವನು ಹೇಗೂ ಖರ್ಚು ಮಾಡಬೇಕಾಗಿಯೇ ಇತ್ತು. ಕೆಲವರು ಕರಾರುಪತ್ರದಲ್ಲಿಯೇ ‘ಪ್ರಾಣಿಯನ್ನು ಸಾಕಿದರೆ 50,000 ರೂಪಾಯಿ ಮುಟ್ಟುಗೋಲು’ ಎಂದು ಬರೆಯಿಸುತ್ತಾರೆ. ಇಂತಹ ಬರೆವಣಿಗೆಯಿಂದ ಭಯವನ್ನು ಹುಟ್ಟಿಸಬಹುದು. ನ್ಯಾಯಸ್ಥಾನದಲ್ಲಿಯಾದರೋ, 1872ರ ಕರಾರು ಕಾಯಿದೆಯ 74ನೆಯ ಪ್ರಕರಣದ ಪ್ರಕಾರ, ಬರೆದ ಮೊತ್ತವು ಮಿತಿಯೇ ಹೊರತು ಹಕ್ಕಲ್ಲ. ಅದರೊಳಗೆ ಯುಕ್ತವಾದ ಪರಿಹಾರವೆಷ್ಟೋ ಅಷ್ಟೇ ದೊರೆಯತಕ್ಕದ್ದು.

ಈ ಜಗಳಗಳಿಂದ ಬೇಸತ್ತ ಯಜಮಾನರು ‘ನಾಯಿ ಬೆಕ್ಕು ಉಳ್ಳವರಿಗೆ ಮನೆಯಿಲ್ಲ’ ಎಂದು ಹೇಳಿಬಿಡುವುದುಂಟು. ವಸತಿ ಸಂಘಗಳು ಬಹುಮತದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಲಿಯು 2015ರಲ್ಲಿಯೇ ಮಾರ್ಗಸೂಚಿಯನ್ನು ಹೊರಡಿಸಿದೆ. ಆದರೆ ಸಂಘವು ಬೇರೆ, ಸ್ವಂತ ಮನೆಯನ್ನು ಯಾರಿಗೆ ಕೊಡಲೆಂದು ಯೋಚಿಸುವ ಗೃಹಸ್ಥನು ಬೇರೆ. ಅವನು ಬೇಡವೆಂದರೆ ಬಲಾತ್ಕರಿಸುವುದಕ್ಕಾಗದು. ನಾವು ಅವನಿಗೆ ತಿಳಿಸಬೇಕೆಂದಿರುವುದು ಇಷ್ಟೆ: ಈ ನಿಷೇಧದಿಂದ ಅವನ ಬಾಗಿಲು ಉಳಿಯುವುದಿಲ್ಲ. ಬಾಡಿಗೆದಾರನು ನಾಯಿಯಿಲ್ಲವೆಂದು ಹೇಳಿ ಮನೆ ಹಿಡಿಯುತ್ತಾನೆ. ಎರಡು ತಿಂಗಳಾದ ಮೇಲೆ ಊರಿನಿಂದ ತಮ್ಮನು ತಂದನೆಂದು ಹೇಳುತ್ತಾನೆ. ಬಚ್ಚಿಟ್ಟ ಪ್ರಾಣಿಯನ್ನು ಹೊತ್ತಿಗೆ ಸರಿಯಾಗಿ ಹೊರಗೆ ಕರೆದೊಯ್ಯುವುದಾಗುವುದಿಲ್ಲ. ಕಲೆಯಾದರೆ ಅದರ ಮೇಲೆ ಚಾಪೆ ಹಾಸುತ್ತಾರೆ, ಗೀರಾದರೆ ಅಡ್ಡಲಾಗಿ ಬೀರುವನ್ನಿಡುತ್ತಾರೆ. ಹೇಳಿಕೊಂಡಿದ್ದರೆ ಒಂದು ಬಕೆಟ್ ನೀರಿನಲ್ಲಿ ಹೋಗುತ್ತಿದ್ದ ಕಲೆಯು ಹನ್ನೊಂದು ತಿಂಗಳಲ್ಲಿ ನೆಲವನ್ನೇ ತಿನ್ನುತ್ತದೆ.

ಇನ್ನೊಂದು ಪರಿಣಾಮವುಂಟು. ಹೊಸ ಮನೆಯಲ್ಲಿ ಒಪ್ಪುವುದಿಲ್ಲವೆಂದು, ಸಾಮಾನಿನ ಗಾಡಿ ಹೊರಟ ದಿನ ನಾಯಿಯನ್ನು ಬೀದಿಯಲ್ಲಿಯೇ ಬಿಟ್ಟುಹೋಗುವವರಿದ್ದಾರೆ. ಆ ಪ್ರಾಣಿಯು ಬೀಗ ಹಾಕಿದ ಗೇಟಿನೆದುರು ದಿನಗಟ್ಟಲೆ ಮಲಗಿರುವುದನ್ನು ನೋಡಿದವರು ಮರೆಯಲಾರರು. 1960ರ ಪ್ರಾಣಿ ಹಿಂಸಾ ನಿವಾರಣೆಯ ಕಾಯಿದೆಯು ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ಪ್ರಾಣಿಯನ್ನು ತ್ಯಜಿಸುವುದನ್ನು ಅಪರಾಧವೆಂದು ಹೇಳಿತು. ಮೊದಲನೆಯ ತಪ್ಪಿಗೆ ಅದು ಬರೆದ ದಂಡವು 10 ರೂಪಾಯಿಯಿಂದ 50 ರೂಪಾಯಿಯವರೆಗೆ! ಬಾಗಿಲನ್ನು ಕೆರೆದ ನಾಯಿಗೆ ನಾವು ಸಾವಿರಗಟ್ಟಲೆ ಮುರಿದುಕೊಳ್ಳುತ್ತೇವೆ.

ಇಂಗ್ಲೆಂಡಿನದೆಲ್ಲವೂ ಅನುಕರಣೀಯವೆಂಬ ಮತವು ನಮ್ಮದಲ್ಲ. ಆದರೂ ಅಲ್ಲಿ 2025ರಲ್ಲಿ ಆದ ಬಾಡಿಗೆದಾರರ ಹಕ್ಕುಗಳ ಕಾಯಿದೆಯನ್ನು ಗಮನಿಸಬಹುದು. ಅದರಂತೆ ಬಾಡಿಗೆದಾರನು ಪ್ರಾಣಿಯನ್ನು ಸಾಕಲು ಬರೆದು ಕೇಳಬೇಕು. ಯಜಮಾನನು ಯುಕ್ತವಾದ ಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ಪ್ರಾಣಿಯ ಹಾನಿಗಾಗಿ ಮೂರು ವಾರಗಳ ಹೆಚ್ಚಿನ ಠೇವಣಿ ಬೇಕೆಂದು ಪ್ರಭುಗಳ ಸಭೆಯು ಸೂಚಿಸಿದರೂ ಕಾಮನ್ಸ್ ಸಭೆಯು ಒಪ್ಪಲಿಲ್ಲ. ಅಲ್ಲಿ ಸಾಮಾನ್ಯವಾಗಿ ಐದು ವಾರಗಳ ಬಾಡಿಗೆಯೇ ಠೇವಣಿಯ ಮಿತಿ. ಅಷ್ಟರಲ್ಲಿ ನಷ್ಟವನ್ನು ತುಂಬಿಕೊಳ್ಳಬಹುದಾದರೆ, ಹತ್ತು ತಿಂಗಳ ಹಣವನ್ನು ಕೈಯಲ್ಲಿಟ್ಟುಕೊಂಡ ನಮ್ಮ ಯಜಮಾನರು ನಾಯಿಗೆಂದು ಇನ್ನೂ ಎರಡು ತಿಂಗಳ ಹಣ ಕೇಳುವುದಕ್ಕೆ ಅರ್ಥವೇನು?

ಮಾಡತಕ್ಕ ಕೆಲಸವು ಕಾಯಿದೆಗಿಂತ ಸುಲಭವಾದದ್ದು. ಬೀಗದ ಕೈ ಕೊಡುವ ದಿನವೇ ಇಬ್ಬರೂ ಸೇರಿ ಪ್ರತಿಯೊಂದು ಬಾಗಿಲಿನ, ನೆಲದ, ಜಾಲರಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಪರಸ್ಪರ ಕಳುಹಿಸಿಕೊಳ್ಳಲಿ. ಗೋಡೆಗೆ ಬಣ್ಣ ಹೊಡೆಸಿದ ವರ್ಷವನ್ನು ಕರಾರಿನಲ್ಲಿ ಬರೆಯಲಿ. ಪ್ರಾಣಿಯುಂಟೆ, ಯಾವುದು, ಎಷ್ಟು ಎಂಬುದನ್ನು ಬಾಡಿಗೆದಾರನು ಮುಚ್ಚುಮರೆಯಿಲ್ಲದೆ ಬರೆದುಕೊಡಲಿ. ಯಜಮಾನನು ನಡುವೆ ಒಮ್ಮೆ ಹೇಳಿಕಳುಹಿಸಿ ಬಂದು ನೋಡುವುದಕ್ಕೆ 108ನೆಯ ಪ್ರಕರಣದಲ್ಲಿಯೇ ಅವಕಾಶವಿದೆ. ಬಾಡಿಗೆದಾರನ ತಪ್ಪಿನಿಂದಾದ ಊನವನ್ನು ಅವನು ತಿಳಿಸಿದರೆ, ಮೂರು ತಿಂಗಳೊಳಗೆ ಬಾಡಿಗೆದಾರನೇ ಅದನ್ನು ಸರಿಪಡಿಸತಕ್ಕದ್ದು. ತನಗೆ ಗೊತ್ತಿದ್ದ ಬಡಗಿಯಿಂದ ತಾನೇ ಸರಿಪಡಿಸಿದರೆ ಅವನಿಗೂ ಕಡಿಮೆಯಲ್ಲಿ ಆಗುತ್ತದೆ. ಕೊನೆಗೆ ಮುರಿದುಕೊಳ್ಳುವ ಪ್ರತಿಯೊಂದು ರೂಪಾಯಿಗೂ ಬಡಗಿಯ ಅಥವಾ ಬಣ್ಣದವನ ರಸೀತಿಯಿರಲಿ. ಬಾಯಿಮಾತಿನ ಅಂದಾಜಿನಿಂದಲೇ ಸ್ನೇಹಗಳು ಕೆಡುತ್ತವೆ.

ಇಂದು ಛಾಪಾ ಕಾಗದದ ಮೇಲೆ ಕರಾರುಪತ್ರಗಳನ್ನು ಸಿದ್ಧಪಡಿಸಿಕೊಡುವವರ ಬಳಿಯಲ್ಲಿರುವ ನಮೂನೆಯನ್ನು ನಾವು ಓದಿ ನೋಡಿದೆವು. ಫ್ಯಾನುಗಳೆಷ್ಟು, ದೀಪಗಳೆಷ್ಟು, ಗೀಸರು ಉಂಟೋ ಇಲ್ಲವೋ ಎಂಬುದಕ್ಕೆಲ್ಲ ಅದರಲ್ಲಿ ಕಲಮುಗಳಿವೆ. ಬಣ್ಣ ಹೊಡೆಸಿದ ವರ್ಷಕ್ಕೂ ಸಾಕುಪ್ರಾಣಿಗೂ ಇಲ್ಲ. ಈ ಎರಡು ಕಲಮುಗಳನ್ನು ಸೇರಿಸುವುದಕ್ಕೆ ಶಾಸನಸಭೆಯು ಕೂಡಬೇಕಾದುದಿಲ್ಲ. ಬರುವ ತಿಂಗಳು ಮನೆಯನ್ನು ಕೊಡುವವರೂ ಹಿಡಿಯುವವರೂ ಅದನ್ನು ಕೇಳಿ ಬರೆಯಿಸಿಕೊಂಡರೆ ಸಾಕು.