ಕೂಲಿಯವನ ಕೈ ಹೋದರೆ ಹೊಣೆ ಯಾರದು?



ಒಕ್ಕಣೆ ಮಿಷನ್ನಿಗೆ ತೆನೆ ಕೊಡುವಾಗ ಕೂಲಿಯವನ ಕೈ ಸಿಕ್ಕಿತು ಅನ್ನಿ. ಆಸ್ಪತ್ರೆಗೆ ಸೇರಿಸಿ, ಖರ್ಚಿಗೆ ಅಷ್ಟಿಷ್ಟು ಕೊಟ್ಟು, 'ಪಾಪ, ಅವನ ಹಣೆಬರಹ' ಅಂದುಬಿಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತೇ?

ಮುಗಿಯುವುದಿಲ್ಲ. ಪರಿಹಾರದ ಕಾನೂನೆಲ್ಲ ಕಾರ್ಖಾನೆಯವರಿಗೆ, ಹೊಲಕ್ಕಲ್ಲ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಟ್ರ್ಯಾಕ್ಟರಿನಿಂದ, ವಿದ್ಯುತ್ ಯಂತ್ರಗಳಿಂದ ಬೇಸಾಯದ ಕೆಲಸ ಮಾಡುವವನೂ ಸೇರಿದ್ದ. 2009ರ ತಿದ್ದುಪಡಿಯ ಪ್ರಕಾರ ಚಿಕಿತ್ಸೆಗೆ ಆದ ಖರ್ಚನ್ನೂ ಮಾಲೀಕನೇ ಕೊಡಬೇಕಾಯಿತು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪರಿಹಾರದ ಹೊಣೆ ಮಾತ್ರ ಮಾಲೀಕನ ಮೇಲೇ ಇದೆ. ಅದು ನಾವು ಕೊಡುವ ದಾನವಲ್ಲ, ಅವನ ಹಕ್ಕು.

'ಎರಡೆಕರೆಯವನು ಲಕ್ಷಗಟ್ಟಲೆ ಎಲ್ಲಿಂದ ತರಲಿ?' ಅಂತೀರಿ. ನ್ಯಾಯವಾದ ಮಾತೇ. ಅದಕ್ಕೇ ಮೊದಲೇ ವಿಮೆ ಮಾಡಿಸಬೇಕು. ಬಾಡಿಗೆ ಮಿಷನ್ನು ಕರೆಸುವ ಮುಂಚೆ ಅದರ ಯಜಮಾನನನ್ನು ಕೇಳಿ: ಕೆಲಸದವರಿಗೆ ವಿಮೆ ಮಾಡಿಸಿದ್ದೀಯಾ? ಬೆಲ್ಟಿಗೆ, ತೆನೆ ಕೊಡುವ ಬಾಯಿಗೆ ರಕ್ಷಣೆ ಇದೆಯಾ? ಇಲ್ಲ ಅಂದರೆ ಕಣಕ್ಕೆ ಬಿಡಬೇಡಿ. ವಿಮೆಯ ಕಂತನ್ನು ಗೊಬ್ಬರ, ಬೀಜದ ಹಾಗೆ ಉತ್ಪಾದನಾ ವೆಚ್ಚದಲ್ಲಿ ಬರೆಯಿರಿ. ಬೆಲೆ ಕೇಳುವಾಗ ಅದನ್ನೂ ಸೇರಿಸಿಯೇ ಕೇಳೋಣ.

ಪರಿಹಾರ ಸಿಗದ ಕೂಲಿಯವನು ಕೊನೆಗೆ ಹೋಗುವುದು ಸಾಹುಕಾರನ ಬಾಗಿಲಿಗೇ. ಸಾಲ ಒಂದು ಮನೆಯನ್ನು ಏನು ಮಾಡುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರ್ಕಾರದ ಮುಂದೆ ನ್ಯಾಯ ಕೇಳುವ ನಾವು, ನಮ್ಮ ಕಣದಲ್ಲಿ ದುಡಿದವನಿಗೆ ಮೊದಲು ನ್ಯಾಯ ಕೊಡೋಣ.