ಮನೆಯ ಕಣಜಕ್ಕೆ ಊರಾಚೆ ಬೀಗ ಯಾಕೆ?

ಕಳೆದ ಮಳೆಗಾಲದಲ್ಲಿ ಕೊಂಡಜ್ಜಿಯ ನಮ್ಮ ಮನೆಗೆ ಬರೋ ಫೈಬರ್ ಕೇಬಲ್ ತುಂಡಾಯ್ತು. ರಸ್ತೆ ಅಗೆಯೋರ ಕೈಚಳಕ. ಅವತ್ತೇ ಅಪ್ಪನಿಗೆ ಹರಿಹರಕ್ಕೆ ಒಯ್ಯಲು ಜಮೀನಿನ ಹಳೇ ಪತ್ರಗಳ ಪ್ರಿಂಟ್ ಬೇಕಿತ್ತು. ಸ್ಕ್ಯಾನ್ ಮಾಡಿ ಮನೆಯ ಸ್ಟೋರೇಜ್ ಡಬ್ಬಿಯಲ್ಲಿ ಇಟ್ಟಿದ್ದು ನಾನೇ. ಡಬ್ಬಿ ಇರೋದು ಪಡಸಾಲೆಯ ಶೆಲ್ಫಿನಲ್ಲಿ, ಪ್ರಿಂಟರ್ ಅದರ ಪಕ್ಕದಲ್ಲಿ. ಆದರೆ ಮೊಬೈಲ್ ಆ್ಯಪ್ ಹೇಳಿದ್ದು ಒಂದೇ ಮಾತು: 'ಇಂಟರ್ನೆಟ್ ಸಂಪರ್ಕ ಪರೀಕ್ಷಿಸಿ'. ಹತ್ತು ಅಡಿ ದೂರದ ಕಾಗದ ತೆಗೆಯೋಕೆ ಯಾವುದೋ ದೇಶದ ಸರ್ವರ್ ಅಪ್ಪಣೆ ಕೊಡಬೇಕಂತೆ!

'ಇದು ನಮ್ಮ ಮನೇದೋ, ಅವರ ಮನೇದೋ?' ಅಂದ್ರು ಅಪ್ಪ. ಉತ್ತರ ಇರಲಿಲ್ಲ.

ಕೇಬಲ್ ಹೋದರೂ ರೂಟರ್ ಸತ್ತಿರಲಿಲ್ಲ. ಅದರ ಪಟ್ಟಿಯಲ್ಲಿ ಡಬ್ಬಿಯ ವಿಳಾಸ ಸಿಕ್ಕಿತು: 192.168.1.20. ಆ ನಂಬರ್ ಬದಲಾಗದಂತೆ ರೂಟರಿನಲ್ಲೇ ಕಾಯ್ದಿರಿಸಿದೆ. ಆಮೇಲೆ ಅಪ್ಪನ ಲ್ಯಾಪ್‌ಟಾಪಿನ ಹೋಸ್ಟ್ಸ್ ಫೈಲ್ ತೆರೆದು ಒಂದೇ ಸಾಲು ಬರೆದೆ: ಮೊದಲು ಆ ನಂಬರ್, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಕಣಜ'. ಬ್ರೌಸರಿನಲ್ಲಿ ಬುಕ್‌ಮಾರ್ಕ್ ಮಾಡಿಕೊಟ್ಟೆ. ಪ್ರಿಂಟ್ ಬಂತು, ಅಪ್ಪ ಬಸ್ ಹತ್ತಿದರು.

ಇದೇನೂ ಹೊಸ ವಿದ್ಯೆ ಅಲ್ಲ. ಅರ್ಪಾನೆಟ್ ಕಾಲದಲ್ಲಿ ಇಡೀ ಜಾಲದ ಹೆಸರುಗಳು ಒಂದೇ ಫೈಲಿನಲ್ಲಿದ್ದವು. ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಜಾಲ ಬೆಳೆದು ಆ ಪಟ್ಟಿ ಸಾಲದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಜಗತ್ತಿಗೆ ಸಾಲದ ಪಟ್ಟಿ ಆರು ಸಾಮಾನಿರುವ ಮನೆಗೆ ಧಾರಾಳ ಸಾಕು.

ಬೆಂಗಳೂರಿನ ಗೆಳೆಯರು ನಗ್ತಾರೆ: 'ಓವರ್‌ಕಿಲ್ ಗುರು. ಪ್ರತಿ ಕಂಪ್ಯೂಟರಿನಲ್ಲೂ ಬರೀತಾ ಕೂರ್ತೀಯಾ? ಫೋನಿನಲ್ಲಿ ಏನ್ ಮಾಡ್ತೀಯಾ?' ನ್ಯಾಯವಾದ ಪ್ರಶ್ನೆ. ಫೋನಿನಲ್ಲಿ ಆ ಫೈಲ್ ಸುಲಭಕ್ಕೆ ಕೈಗೆ ಸಿಗಲ್ಲ. ಸಾಮಾನು ಹೆಚ್ಚಾದರೆ ರೂಟರಿನಲ್ಲೇ ಪುಟ್ಟ ಡಿಎನ್‌ಎಸ್ ಇಟ್ಟುಕೊಳ್ಳಿ. ಆಗಲೂ ಹೆಸರು ಇಡೋರು ನೀವೇ, ಆ್ಯಪ್ ಅಲ್ಲ.

ಹೆಸರಾಯ್ತು, ಇನ್ನು ಬಾಗಿಲು. ನಮ್ಮನೆಯ ಗೇಟಿನ ಕ್ಯಾಮೆರಾ, ಟಿವಿ, ನನ್ನ ಆಫೀಸ್ ಲ್ಯಾಪ್‌ಟಾಪ್, ಪತ್ರಗಳ ಡಬ್ಬಿ, ಎಲ್ಲವೂ ಒಂದೇ ಜಾಲದಲ್ಲಿ ಮೈಗೆ ಮೈ ತಾಗಿಸಿಕೊಂಡು ಕೂತಿದ್ದವು. ಪಡಸಾಲೆಗೆ ಬಂದವರನ್ನೆಲ್ಲ ದೇವರ ಮನೆಗೆ ಬಿಡ್ತೀವಾ? 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರುಗಳಿಗೆ ನುಗ್ಗಿ, ಅವುಗಳನ್ನೇ ದಂಡು ಕಟ್ಟಿ ದೊಡ್ಡ ದೊಡ್ಡ ಸೈಟುಗಳನ್ನು ಕೆಡವಿತು.

ಎರಡು-ಮೂರು ಸಾವಿರಕ್ಕೆ ಸಣ್ಣ ಮ್ಯಾನೇಜ್ಡ್ ಸ್ವಿಚ್ ಸಿಗುತ್ತೆ. ವಿಲ್ಯಾನ್ ಅಂದರೆ ಅದೇ ಪೆಟ್ಟಿಗೆಯೊಳಗೆ ಗೋಡೆ ಎಬ್ಬಿಸೋದು: ಕ್ಯಾಮೆರಾದ ಪೋರ್ಟ್ ಒಂದು ಕೋಣೆ, ಡಬ್ಬಿಯ ಪೋರ್ಟ್ ಇನ್ನೊಂದು. ರೂಟರ್‌ಗೂ ಈ ಭಾಷೆ ಬರಬೇಕು. ಯಾರು ಯಾರ ಕೋಣೆಗೆ ಹೋಗಬಹುದು ಅನ್ನೋ ನಿಯಮ ಬರೆಯೋದು ಅಲ್ಲೇ. ಅದು ಬರೆಯದೆ ಬರೀ ಗೋಡೆ ಎಬ್ಬಿಸಿದರೆ ಬಾಗಿಲಿಗೆ ಚಿಲಕ ಹಾಕದಂಗೆ.

ನಾನೂ ಎಡವಿದೆ. ಲ್ಯಾಪ್‌ಟಾಪ್ ಚುಚ್ಚಿದ್ದ ಪೋರ್ಟನ್ನೇ ಬೇರೆ ವಿಲ್ಯಾನ್‌ಗೆ ಹಾಕಿ, ಸ್ವಿಚ್ಚಿನಿಂದ ನನ್ನನ್ನೇ ಹೊರಗೆ ದಬ್ಬಿಕೊಂಡೆ. ಪಿನ್ನಿನಿಂದ ರಿಸೆಟ್ ಒತ್ತಿ ಮತ್ತೆ ಒಂದರಿಂದ ಶುರು. ಈಗ ಒಂದು ಪೋರ್ಟ್ ಸ್ವಿಚ್ ನಿರ್ವಹಣೆಗೇ ಮೀಸಲು, ಸೆಟ್ಟಿಂಗ್‌ಗಳ ಬ್ಯಾಕಪ್ಪೂ ಇದೆ.

'ನೀನು ವಾಪಸ್ ಬೆಂಗಳೂರಿಗೆ ಹೋದ ಮೇಲೆ ಕೆಟ್ಟರೆ?' ಅಂತಾರೆ. ಯಾವ ಪೋರ್ಟಿಗೆ ಏನು ಅಂತ ಕನ್ನಡದಲ್ಲಿ ಬರೆದು ಸ್ವಿಚ್ಚಿನ ಮೇಲೇ ಅಂಟಿಸಿದ್ದೀನಿ. ಬೋರ್‌ವೆಲ್ ಸ್ಟಾರ್ಟರಿನಲ್ಲಿ ಯಾವ ಫೇಸ್ ಹೋಗಿದೆ ಅಂತ ಕತ್ತಲಲ್ಲಿ ಕಂಡುಹಿಡಿಯೋ ಅಪ್ಪನಿಗೆ ಎಂಟು ಪೋರ್ಟು ಅರ್ಥ ಆಗಲ್ಲ ಅನ್ನೋದು ನಮ್ಮ ಸೊಕ್ಕು ಅಷ್ಟೇ.

ನಾವು ಆಫೀಸಿನಲ್ಲಿ ಕಂಪನಿಯ ಜಾಲವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀವಿ. ಹೆತ್ತವರ ಮನೆಯನ್ನು ಮಾತ್ರ ಆ್ಯಪ್‌ಗೆ ಬಿಟ್ಟು ಬರ್ತೀವಿ. ಮುಂದಿನ ಸಲ ಊರಿಗೆ ಹೋದಾಗ ಒಂದು ಪರೀಕ್ಷೆ ಮಾಡಿ: ಫೈಬರ್ ವಯರ್ ಕಿತ್ತು, ಮನೆಯೊಳಗೆ ಏನೇನು ಕೆಲಸ ಮಾಡುತ್ತೆ ನೋಡಿ. ಕೆಲಸ ಮಾಡಿದ್ದಷ್ಟೇ ನಿಮ್ಮದು.